ಕಾಡಿನಿಂದ ಬಂದ ನೊರಜು

ಬೇರೆಯವರ ಹೆಂಡಂದಿರು ರಜೆ ಸಿಕ್ಕರೆ ತವರಿಗೆ ಹೋಗುತ್ತಾರೆ. ನನ್ನ ಹೆಂಡತಿ ನೀಲಾಂಬಿಕಾ ಕಾಡಿನ ಹಳ್ಳಕ್ಕೆ ಹೋಗುತ್ತಾಳೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಇವಳಿಗೆ ನೊರಜುಗಳ ಹುಚ್ಚು. ನೋಡಲು ಥೇಟ್ ಸೊಳ್ಳೆ, ಆದರೆ ಪಾಪ, ಕಚ್ಚಲು ಬಾರದವು. ಅವುಗಳ ಮರಿಹುಳು ಹಿಡಿದು, ಹುಳುವಿಗೊಂದು ಸೀಸೆಯಂತೆ ಬಾಗಲಗುಂಟೆಯ ನಮ್ಮ ಮನೆಗೆ ತರುತ್ತಾಳೆ. ಪೀಣ್ಯದಲ್ಲಿ ದಿನವಿಡೀ ಮೆಷಿನ್ ಸದ್ದು ಕೇಳಿ ಬರುವ ನಾನು ಮನೆಯಲ್ಲಿ ಇವುಗಳ ಯೋಗಕ್ಷೇಮ ಕೇಳಬೇಕು.

ನೊರಜಿನ ಜಾತಿ ಗುರುತಿಸುವುದು ಹುಡುಗಾಟವಲ್ಲ. ಮರಿಹುಳು ಪೊರೆ ಬಿಟ್ಟು ಕೋಶವಾಗಬೇಕು, ಕೋಶದಿಂದ ರೆಕ್ಕೆಯ ನೊರಜು ಬರಬೇಕು, ಅದೂ ಗಂಡೇ ಆಗಿರಬೇಕು. ಅದನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಕೊಂದು, ಸೂಕ್ಷ್ಮದರ್ಶಕದಲ್ಲಿ ಬಾಲದ ತುದಿ ನೋಡಿದ ಮೇಲೆಯೇ ಹೆಸರು ಹೇಳಲು ಸಾಧ್ಯ. ಹೆಣ್ಣು ಬಂದರೆ ಅಷ್ಟೂ ಕಷ್ಟ ನೀರುಪಾಲು.

2013ರ ಮಳೆಗಾಲದಲ್ಲಿ ಒಂದೇ ಒಂದು ಹುಳು ಉಳಿದಿತ್ತು. ಅಂಥದ್ದನ್ನು ನೀಲಾ ಹಿಂದೆಂದೂ ಕಂಡಿರಲಿಲ್ಲ. ಮತ್ತೊಂದನ್ನು ತರೋಣವೆಂದರೆ ಆ ಹಳ್ಳ ರಸ್ತೆ ಕೆಲಸದ ಮಣ್ಣಿನಡಿ ಹೋಗಿತ್ತು. ಹುಳು ಕೋಶವಾದ ದಿನ, ಅದು ಬಿಟ್ಟ ಪೊರೆಯನ್ನು ಅವಳು ಜೋಪಾನವಾಗಿ ತೆಗೆದಿಟ್ಟು, ಒಲ್ಲದ ಮನಸ್ಸಿನಿಂದಲೇ ಕಾಲೇಜಿಗೆ ಹೋದಳು.

ಅದು ಡೆಂಗಿ ಹಬ್ಬಿದ್ದ ಸಮಯ. ಆರೋಗ್ಯ ಕಾರ್ಯಕರ್ತೆ ನಾಗಲಕ್ಷ್ಮಮ್ಮ ಅವತ್ತೇ ಮನೆಗೆ ಬಂದು, ನಿಂತ ನೀರನ್ನೆಲ್ಲ ಚೆಲ್ಲುವಂತೆ ನನ್ನ ಅವ್ವ ರುಕ್ಮವ್ವನಿಗೆ ತಾಕೀತು ಮಾಡಿ ಹೋದರು. ಸಂಜೆ ನಾವಿಬ್ಬರೂ ಬಂದಾಗ ಸೀಸೆ ಲಕಲಕ ತೊಳೆದು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲಾಗಿತ್ತು.

ನೀಲಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಅವಳನ್ನು ನೋಡಿ ನನಗೆ ಹೆದರಿಕೆಯಾಯಿತು. ನಾನು ಅವ್ವನ ಮೇಲೆ ರೇಗಿದೆ.

ಅವ್ವ ನನ್ನನ್ನೇ ಗದರಿದಳು. "ಯಾಕ ಒದರ್ತೀಯೋ? ಜೀವ ಇರೋದನ್ನ ಮೋರಿಗೆ ಹೆಂಗ ಚೆಲ್ಲಲಿ? ಹಳೇ ನೀರು ಚೆಲ್ಲೀನಿ, ಹೊಸ ನೀರು ಹಾಕೀನಿ."

ಕೊಟ್ಟೂರಿನಿಂದ ಬಂದು ಇಷ್ಟು ವರ್ಷವಾದರೂ ಅವ್ವ ಬಟ್ಟೆಯಲ್ಲಿ ಸೋಸದೆ ಒಂದು ತಂಬಿಗೆ ನೀರೂ ತುಂಬಿಸುವುದಿಲ್ಲ. ಬಟ್ಟೆಗೆ ಹುಳು ಸಿಕ್ಕರೆ ಅದನ್ನು ಮತ್ತೆ ನೀರಿಗೇ ಬಿಡಬೇಕು. ಸೀಸೆಯ ನೀರನ್ನೂ ಹಾಗೇ ಸೋಸಿ, ಕೋಶವನ್ನು ಬೋಗುಣಿಯ ಹೊಸ ನೀರಿಗೆ ಬಿಟ್ಟು, ಸೊಳ್ಳೆಯಾಗಿ ಹಾರಿಹೋಗದಿರಲೆಂದು ಅದೇ ಬಟ್ಟೆಯನ್ನು ಮೇಲೆ ಬಿಗಿದಿದ್ದಳು.

ನೀಲಾ ಭೂತಗನ್ನಡಿ ಹಿಡಿದು ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿದಳು. ನೀರಿನಲ್ಲಿ ಬರೀ ಕೋಶದ ಸಿಪ್ಪೆ ತೇಲುತ್ತಿತ್ತು. ಬಟ್ಟೆಯ ಒಳಮೈಗೆ ಎಳ್ಳಿಗಿಂತ ಸಣ್ಣ ನೊರಜು ಅಂಟಿಕೊಂಡಿತ್ತು, ಮೀಸೆಗಳು ಪುಕ್ಕದಂತೆ ಕೆದರಿದ್ದವು. ಗಂಡಿಗೆ ಮಾತ್ರ ಹಾಗಿರುತ್ತವೆ.

"ಗಂಡು ರೀ," ಎಂದವಳ ಕಣ್ಣಲ್ಲಿ ನೀರು. ನನಗೂ ಹೋದ ಜೀವ ಬಂದಂತಾಯಿತು. ರೇಗಿದ್ದಕ್ಕೆ ಅವ್ವನ ಮುಖ ನೋಡಲು ನಾಚಿಕೆಯಾಯಿತು.

ನಮಗೆ ಇಬ್ಬರು ಹೆಣ್ಣುಮಕ್ಕಳು. ಅವ್ವ ಸೊಸೆಯ ತಲೆ ಸವರಿ ಅಂದಳು: "ಎರಡು ಬಾಣಂತನದಾಗೂ ಗಂಡು ಬೇಕಂತ ನಾ ಕೇಳಲಿಲ್ಲ. ನಿನಗ ನೊರಜಿನಾಗ ಬೇಕಾತೇನವ್ವಾ?"

ನೀಲಾ ಅಳುತ್ತಲೇ ನಕ್ಕು ಅತ್ತೆಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವ್ವ ಪೂಜೆಗೆ ಕೂರುವವರೆಗೂ ಅವಳು ಸ್ಪಿರಿಟ್ ಬಾಟಲಿ ಹೊರಗೆ ತೆಗೆಯಲಿಲ್ಲ.