ತಲೆ ಎತ್ತದೆ ಉಂಡವನು

ದೆವ್ವದ ಸಿನಿಮಾ ಅಂದರೆ ನನಗೆ ಪ್ರಾಣ, ನನ್ನ ಹೆಂಡತಿಗೆ ಅಷ್ಟೇ ತಾತ್ಸಾರ. ನೈರೋಬಿಗೆ ಬಂದ ಎರಡನೇ ವರ್ಷ, ಅಲ್ಲಿನ ಗಿಗಿರಿ ಬಡಾವಣೆಯಲ್ಲಿ ಕೆಲಸ ಮಾಡುತ್ತಿದ್ದ ಜಪಾನಿ ಗೆಳೆಯನೊಬ್ಬ ತನ್ನ ದೇಶಕ್ಕೆ ವಾಪಸು ಹೊರಟಾಗ ನನ್ನ ಕೈಗೊಂದು ಪೆನ್‌ಡ್ರೈವ್ ಇಟ್ಟ. ಅದರಲ್ಲಿ ಅವನ ಅಜ್ಜಿಯನ್ನೂ ಅಮ್ಮನನ್ನೂ ಅವನನ್ನೂ ಹೆದರಿಸಿದ್ದ ಹಳೇ ಕಪ್ಪುಬಿಳುಪು ಚಿತ್ರವಿತ್ತು. ಇನ್ನು ನಿನ್ನ ಸರದಿ ಅಂದ.

ಭಾನುವಾರ ಮಧ್ಯಾಹ್ನ ಸೌತ್ ಬಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನಾನು, ಹತ್ತು ವರ್ಷದ ಮಗಳು ತಟ್ಟೆ ಹಿಡಿದು ಟೀವಿ ಮುಂದೆ ಕೂತೆವು. ಹೆಂಡತಿ ಎಂದಿನಂತೆ ಬಡಿಸುತ್ತಿದ್ದಳು. ಚಿತ್ರದಲ್ಲಿ ಉಪ್ಪಿನ ವ್ಯಾಪಾರಿಯೊಬ್ಬ ವರ್ಷಗಟ್ಟಲೆ ಅಲೆದು ಮನೆಗೆ ಬರುತ್ತಾನೆ. ಅವನ ಹೆಂಡತಿ ಬಾಗಿಲು ತೆಗೆದು, ಒಂದು ಮಾತೂ ಬೈಯದೆ ಬಿಸಿ ಗಂಜಿ ಬಡಿಸುತ್ತಾಳೆ. ಬೈಯಲಿಲ್ಲ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು! ಅವನು ತಲೆ ಬಗ್ಗಿಸಿ ಉಣ್ಣುತ್ತಾನೆ.

"ಶೀ ಈಸ್ ಡೆಡ್," ಅಂದಳು ಮಗಳು.

"ಸುಮ್ನಿರೇ, ಗಟ್ಟಿಮುಟ್ಟಾಗಿ ಬಡಿಸ್ತಿದ್ದಾಳೆ."

"ಬಟ್ ಶೀ ಈಸ್ ನಾಟ್ ಈಟಿಂಗ್, ಅಪ್ಪಾ!"

"ಗಂಡಂದು ಆದ್ಮೇಲೆ ಊಟ ಮಾಡ್ತಾಳಮ್ಮ. ನಮ್ಮನೇಲೂ ಹಂಗೇ ಅಲ್ವಾ?"

ಮಗಳು ಟೀವಿಯಿಂದ ಕಣ್ಣು ಕೀಳದೆ ಅಂದಳು: "ಅಮ್ಮ ಆಮೇಲೂ ಈಟ್ ಮಾಡಲ್ಲ. ಶೀ ಪುಟ್ಸ್ ಇಟ್ ಬ್ಯಾಕ್ ಇನ್ ದ ಫ್ರಿಜ್."

ನಾನು ತಿರುಗಿ ನೋಡಿದೆ. ಸೋಫಾದ ಹಿಂದೆ ಸಾರಿನ ಸೌಟು ಹಿಡಿದು ನಿಂತವಳ ಕೈಬಳೆ ಮೊಣಕೈವರೆಗೆ ಜಾರಿತ್ತು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು.

"ಏನಿಲ್ಲ ರೀ, ಸ್ವಲ್ಪ ಅಸಿಡಿಟಿ. ಎರಡು ತಿಂಗಳಿಂದ ಅಷ್ಟೇ."

ಎರಡು ತಿಂಗಳು! ನನಗೆ ಕೆಂಡದಂಥ ಸಿಟ್ಟು ಬಂತು. ಹೇಳೋಕೇನಾಗಿತ್ತು ಅಂತ ಅವಳ ಮೇಲೆ ಕೂಗಾಡಿದೆ. ಕೂಗಬೇಕಾದದ್ದು ನನ್ನ ಮೇಲೆ. ಸಿನಿಮಾ ಅರ್ಧಕ್ಕೇ ನಿಂತಿತು.

ಮಾರನೆಯ ದಿನ ಪಾರ್ಕ್‌ಲ್ಯಾಂಡ್ಸಿನ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಮಂಗಳೂರು ಕಡೆಯವರು, ಮೂವತ್ತು ವರ್ಷದಿಂದ ಇಲ್ಲೇ ಇರುವವರು. ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡಿ, ದೊಡ್ಡ ಹುಣ್ಣಾಗಿದೆ ಅಂದರು. ಇನ್ನೂ ತಡವಾಗಿದ್ದರೆ ರಕ್ತ ಕಾರುತ್ತಿದ್ದಳಂತೆ. ಮದ್ದು ಬರೆಯುತ್ತಾ ನನ್ನ ಕಡೆ ನೋಡಿದರು.

"ನೀವು ಮನೆಯಲ್ಲಿ ಒಟ್ಟಿಗೆ ಕೂತು ಊಟ ಮಾಡುವುದಿಲ್ವಾ ಮಾರಾಯ್ರೆ?"

ನಾನು ಮದ್ದಿನ ಚೀಟಿಗೆ ಕೈ ಚಾಚಿದೆ.

ಆಮೇಲೆ ಆ ಚಿತ್ರವನ್ನು ಪೂರ್ತಿ ನೋಡಿದೆ. ಬೆಳಗಾದಾಗ ಮನೆ ಪಾಳುಬಿದ್ದಿರುತ್ತದೆ, ಒಲೆಯಲ್ಲಿ ಹುಲ್ಲು ಬೆಳೆದಿರುತ್ತದೆ. ಅಲ್ಲಿ ನನಗೆ ಭಯವಾಗಲಿಲ್ಲ. ಅವನು ಗಂಜಿ ಉಣ್ಣುವ ದೃಶ್ಯದಲ್ಲಿ ಮಾತ್ರ ಇವತ್ತಿಗೂ ಎದೆ ಹಿಂಡುತ್ತದೆ. ಒಂದು ಸಲ ತಲೆ ಎತ್ತಿ ನೋಡೋ ಪುಣ್ಯಾತ್ಮ ಅನ್ನಿಸುತ್ತದೆ. ಮೂರು ತಲೆಮಾರು ಆ ಚಿತ್ರಕ್ಕೆ ಹೆದರಿದ್ದು ಸುಮ್ಮನೆ ಅಲ್ಲ.

ಆಸ್ಪತ್ರೆಯಿಂದ ಬಂದ ವಾರ ಮೂರು ತಟ್ಟೆ ಒಟ್ಟಿಗೆ ಇಟ್ಟೆ. ಅವಳಿಗೆ ಕೂತು ಅಭ್ಯಾಸವಿಲ್ಲ. ತುತ್ತಿಗೊಂದು ಸಲ ಏಳುತ್ತಿದ್ದಳು. ಕೈ ಹಿಡಿದು ಕೂರಿಸಿದೆ. ಅವಳು ಮೆತ್ತನೆಯ ಮೊಸರನ್ನ ನಿಧಾನವಾಗಿ ಉಣ್ಣತೊಡಗಿದಳು. ನಾನು ನನ್ನ ತಟ್ಟೆ ಮರೆತು ಅವಳನ್ನೇ ನೋಡುತ್ತಿದ್ದೆ.

"ಯಾಕ್ರೀ ಹಂಗೆ ನೋಡ್ತೀರಾ? ನಾನೇನು ದೆವ್ವಾನಾ?"

ಇನ್ನೊಂದು ತುತ್ತು ತಿನ್ನೇ ಅಂದೆ.