ಓಡದೆ ನಿಂತ ಲೆಫ್ಟಿನೆಂಟ್

ಈಚೆಗೆ ಒಂದು ಭಾನುವಾರ ಚಾಮರಾಜನಗರದ ನಮ್ಮ ಮನೆಯ ಸೋಫಾದಲ್ಲಿ ಕೂತು ಒಬ್ಬಳು ಲೆಫ್ಟಿನೆಂಟ್ ಇನ್ನೊಬ್ಬ ಲೆಫ್ಟಿನೆಂಟನ್ನು ಬೈಯುತ್ತಿದ್ದಳು. ಬೈಯುತ್ತಿದ್ದವಳು ಭೀಮನಬೀಡಿನವಳು. ಬೈಸಿಕೊಳ್ಳುತ್ತಿದ್ದವನು ಶನಿಗ್ರಹದ ಆಚೆ ಎಲ್ಲೋ ಇದ್ದ.

ಭೀಮನಬೀಡಿನವಳು ಚೈತ್ರ, ನನ್ನ ಅಕ್ಕ ಗೌರಮ್ಮನ ಮಗಳು. ಸೇನೆಗೆ ಸೇರಿ ಎರಡನೇ ವರ್ಷ, ರಜೆಗೆ ಬಂದಿದ್ದಳು. ಶನಿಗ್ರಹದವನು ನಾನು ದಿನಾ ನೋಡುವ ಸೈನ್ಸ್ ಫಿಕ್ಷನ್ ಸೀರಿಯಲ್ಲಿನ ಹೀರೋ. (ಈ ವಯಸ್ಸಿಗೆ ಇದೆಲ್ಲ ಬೇಕಾ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಅವಳು ನೋಡುವ ಸೀರಿಯಲ್ಲಿನಲ್ಲಿ ಸತ್ತವರು ವಾಪಸ್ ಬಂದು ಮದುವೆಯಾಗುತ್ತಾರೆ. ನಾನೇನಾದರೂ ಕೇಳಿದ್ದೇನಾ?)

ನನ್ನ ಹೀರೋ ಎಪಿಸೋಡಿಗೊಂದು ಆರ್ಡರ್ ಮುರಿಯುತ್ತಾನೆ. ಕ್ಯಾಪ್ಟನ್ ಕೂಗಾಡುತ್ತಾರೆ. ಕೊನೆಗೆ ಒಂದು ಗ್ರಹ ಉಳಿಯುತ್ತದೆ. ಅದೇ ಕ್ಯಾಪ್ಟನ್ ಬೆನ್ನು ತಟ್ಟುತ್ತಾರೆ. ಅವತ್ತು ಆಕಾಶನೌಕೆಗೆ ಬೆಂಕಿ ಬಿದ್ದಿತ್ತು. ಹೀರೋನ ತಮ್ಮ ಇಂಜಿನ್ ರೂಮಿನಲ್ಲಿ ಸಿಕ್ಕಿಕೊಂಡಿದ್ದ. ಹೀರೋ ಎಲ್ಲವನ್ನೂ ಬಿಟ್ಟು ಅತ್ತ ಓಡಿದ. ಮ್ಯೂಸಿಕ್ ಶುರುವಾಯಿತು.

"ಇವ್ರನ್ನ ಯಾರ್ಗೆ ಒಪ್ಪಿಸ್ಬುಟ್ಟು ಓದ ಮಾವ ಇವ್ನು?" ಅಂದಳು ಚೈತ್ರ.

"ತಮ್ಮನ್ನ ಉಳಿಸೋಕೆ ಹೋದ ಕಣಮ್ಮಿ."

"ಅದು ಕಾಣ್ತದೆ. ಇವ್ರಿಗೆ ಯಾರು ದಿಕ್ಕು?"

ಆಗ ನೋಡಿದೆ. ಹೀರೋ ಬಿಟ್ಟು ಹೋದ ಜಾಗದಲ್ಲಿ ಹೆಲ್ಮೆಟ್ ಹಾಕಿಕೊಂಡ ಒಂದಷ್ಟು ಜನ ಸುಮ್ಮನೆ ನಿಂತಿದ್ದರು. ಇಷ್ಟು ದಿನ ಅವರನ್ನು ನಾನು ಗೋಡೆಯ ಭಾಗ ಅಂದುಕೊಂಡಿದ್ದೆ.

"ಹಾಗಾದ್ರೆ ನಿಮ್ಮಲ್ಲಿ ಹೇಗೆ?" ಅಂತ ಕೇಳಿದೆ.

ಮೊದಲ ತಿಂಗಳು ಅವಳು ಮಾಡಿದ ದೊಡ್ಡ ಕೆಲಸ ತನ್ನ ಜವಾನರ ಕಾಲು ನೋಡಿದ್ದಂತೆ. ಮೈಲಿಗಟ್ಟಲೆ ನಡೆದ ಮೇಲೆ ಯಾರ ಅಂಗಾಲಿನಲ್ಲಿ ಬೊಬ್ಬೆ ಎದ್ದಿದೆ, ಯಾರು ಹೇಳದೆ ಮುಚ್ಚಿಟ್ಟಿದ್ದಾರೆ, ಅದು ಅವಳಿಗೆ ಗೊತ್ತಿರಬೇಕು. ಅವಳ ಕೈಕೆಳಗಿನ ಸುಬೇದಾರರು ಎಷ್ಟೋ ವರ್ಷ ಸರ್ವೀಸ್ ಆದವರು. ಅವರನ್ನು "ಸಾಬ್" ಅಂತ ಕರೆದು, ಏನು ಮಾಡೋಣ ಅಂತ ಕೇಳಿ, ಆಮೇಲೆ ಆರ್ಡರ್ ಕೊಡುವುದು.

"ಕೇಳೋದು ಎಲ್ರನ್ನೂ ಕೇಳ್ತಿನಿ. ಆರ್ಡರ್ ಮಾತ್ರ ನಂದು. ಕೆಟ್ರೆ ಕೆಟ್ಟಿದ್ದೂ ನಂದೇ."

ಇದನ್ನು ಸೀರಿಯಲ್ ಮಾಡಿದರೆ ಯಾರು ನೋಡುತ್ತಾರೆ? ಮೊದಲ ಎಪಿಸೋಡ್: ಅಂಗಾಲು. ನಾನಂತೂ ನೋಡುವುದಿಲ್ಲ ಅಂತ ಅವಳೆದುರಿಗೇ ಹೇಳಿದೆ.

ಅದೇ ವಾರ ಪುಣಜನೂರಿನಲ್ಲಿ ನೆಂಟರ ಮಗುವಿನ ನಾಮಕರಣವಿತ್ತು. ಬಾಡಿಗೆಗೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋದೆವು. ಅಕ್ಕ, ಭಾವ ಪುಟ್ಟಸ್ವಾಮಿ, ಚೈತ್ರ, ನಾನು, ನನ್ನ ಹೆಂಡತಿ, ಉಳಿದಂತೆ ಸೀಟು ತುಂಬ ನೆಂಟರು. ಡ್ರೈವರ್ ಮಾದೇವ. ಊಟ ಮುಗಿಸಿ ವಾಪಸ್ ಬರುವಾಗ ಕಾಡಿನ ರಸ್ತೆಯಲ್ಲಿ ಆನೆಗಳು ಅಡ್ಡ ಸಿಕ್ಕವು. ನಾಲ್ಕೈದು ದೊಡ್ಡವು, ಒಂದು ಮರಿ.

ಮಾದೇವ ದೂರದಲ್ಲೇ ಗಾಡಿ ನಿಲ್ಲಿಸಿ, ಯಾರೂ ಇಳಿಯಬೇಡಿ ಅಂದ. ಇಷ್ಟು ಹೇಳಿದರೆ ಸಾಕಲ್ಲ ನಮ್ಮವರಿಗೆ? ಅರ್ಧ ಗಾಡಿ ಮೊಬೈಲ್ ಹಿಡಿದು ಇಳಿಯಿತು.

ಆನೆಗಳು ಒಂದೊಂದಾಗಿ ರಸ್ತೆ ದಾಟಿದವು. ಒಂದು ಮಾತ್ರ ದಾಟದೆ ನಮ್ಮ ಕಡೆ ತಿರುಗಿ ನಿಂತಿತು. ಕಿವಿ ಅಗಲಿಸಿತು.

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಚೈತ್ರ ಎದ್ದು ಬಂದಳು. "ಏನ್ ಮಾಡನ ಮಾದೇವಣ್ಣ?"

"ಗೊತ್ತಿಲ್ಲ ಕಣವ್ವ. ಮರಿ ಜೊತೇಲದೆ. ಒಂದೊಂದ್ ದಿನ ಸುಮ್ನೆ ಓಯ್ತವೆ. ಒಂದೊಂದ್ ದಿನ ನುಗ್ಬುಡ್ತವೆ."

ಅವಳು ಕೆಳಗಿಳಿದು, ದನಿ ಎತ್ತದೆ, ಒಬ್ಬೊಬ್ಬರನ್ನೂ ಸಂಬಂಧ ಹಿಡಿದು ಕರೆದಳು. "ಚಿಕ್ಕಮ್ಮ, ಒಳಗ್ ಬನ್ನಿ. ದೊಡ್ಡಪ್ಪ, ಫೋಟೋ ಸಾಕು." ಎಲ್ಲರೂ ಹತ್ತಿದ ಮೇಲೆ ತಲೆ ಎಣಿಸಿದಳು. ಒಂದು ತಲೆ ಕಮ್ಮಿ.

ಭಾವ ಇರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ. ಗಾಡಿ ನಿಂತದ್ದೇ ತಡ, ಮೂತ್ರಕ್ಕೆ ಹೋಗಿದ್ದಾರೆ. ರಸ್ತೆ ಪಕ್ಕದ ಲಂಟಾನ ಪೊದೆಯ ಹಿಂದೆ ಅವರ ಬಿಳಿ ಅಂಗಿ ಕಾಣುತ್ತಿತ್ತು. ಗಾಡಿಗೂ ಆನೆಗೂ ಸರಿಯಾಗಿ ನಡುವೆ. ಕಿವಿ ಬೇರೆ ಮಂದ. ಫೋನು ಸೀಟಿನ ಮೇಲೆ. ಜೋರಾಗಿ ಕೂಗಿದರೆ ಮೊದಲು ಕೇಳಿಸುವುದು ಆನೆಗೆ.

"ಓಗಮ್ಮಿ! ನಿಮ್ಮಪ್ಪ ಅಲ್ಲವ್ನೆ!" ಅಂತ ಅಕ್ಕ ಎದ್ದೇಬಿಟ್ಟಳು.

ಚೈತ್ರ ಬಾಗಿಲಿಗೆ ಕೈ ಅಡ್ಡ ಹಾಕಿದಳು. "ಯಾರೂ ಇಳೀಬೇಡಿ. ಅವ್ವ, ನೀನೂ ಅಷ್ಟೇ."

ಆಮೇಲೆ ಮಾದೇವನಿಗೆ ಹೇಳಿದಳು. "ಮೆಲ್ಲಗೆ ಮುಂದಕ್ಕೆ ಬುಡಿ. ಅಪ್ಪಂಗೂ ಆನೆಗೂ ಮಧ್ಯ ಗಾಡಿ ಬರ್ಬೇಕು."

"ಅದು ನಮ್ ಮೇಲೆ ಬಂದ್ರೆ?"

"ಬಂದ್ರೆ ರಿವರ್ಸ್ ತಗಳಿ. ಅಪ್ಪ ಹತ್ತಿದ್ರೂ ಹತ್ದಿದ್ರೂ."

ಅಕ್ಕ ಮಗಳ ಮುಖವನ್ನೇ ನೋಡುತ್ತಿದ್ದಳು. ಮಗಳು ಅವಳ ಕಡೆ ನೋಡಲಿಲ್ಲ.

ಗಾಡಿ ಹೊರಟಿತು. ಆನೆ ಸೊಂಡಿಲೆತ್ತಿ ಒಂದಿಷ್ಟು ಮುಂದೆ ಬಂತು. ಮಾದೇವನ ಕೈ ಗೇರಿನ ಮೇಲಿತ್ತು. "ಇನ್ನೊಂಚೂರು," ಅಂದಳು ಚೈತ್ರ. "ಇನ್ನೊಂಚೂರು." ಬಾಗಿಲು ಪೊದೆಯ ಪಕ್ಕಕ್ಕೆ ಬಂತು. ಭಾವ ಪಂಚೆ ಸರಿ ಮಾಡಿಕೊಳ್ಳುತ್ತಾ ಈಚೆ ಬಂದರು.

"ಇಲ್ಲೀ ತಂಕ ಯಾಕ್ ತಂದ್ರಿ ಗಾಡೀಯ? ನಾನೇ ಬತ್ತಿರ್ನಿಲ್ವಾ?"

ಮಗಳು ಅವರ ಕಾಲರ್ ಹಿಡಿದು ಒಳಗೆಳೆದುಕೊಂಡಳು. ಮಾದೇವ ರಿವರ್ಸ್ ತೆಗೆದ. ಆನೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಮರಿ ಹೋದ ದಿಕ್ಕಿಗೆ ಹೊರಟುಹೋಯಿತು. ಭಾವನಿಗೆ ಆನೆ ಕಂಡದ್ದು ಆಗಲೇ.

ಚೈತ್ರ ಹಿಂದಿನ ಸೀಟಿಗೆ ಹೋಗಿ ಕೈಗಳನ್ನು ಮಂಡಿಯ ನಡುವೆ ಇಟ್ಟುಕೊಂಡು ಕೂತಳು. ನಾನು ಪಕ್ಕದಲ್ಲಿ ಕೂತೆ.

"ಓಡ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ದೆ ಇರ್ತದಾ ಮಾವ? ನಾನ್ ಇಳ್ದಿದ್ರೆ ಅವ್ವ ಇಳೀತಿದ್ಲು. ಅವ್ವ ಇಳ್ದಿದ್ರೆ ಎಲ್ರೂ ಇಳೀತಿದ್ರು. ಆಮೇಲೆ ಯಾರ್ನ ಅಂತ ನೋಡ್ಲಿ?"

ನಮಗೆ ಮಾತ್ರ ಓಡುವವರೇ ಇಷ್ಟ. ಗುಂಡ್ಲುಪೇಟೆ ಹೈವೇಯಲ್ಲಿ ಆಕ್ಸಿಡೆಂಟ್ ಆದರೆ ಊರಿಗೆ ಊರೇ ಓಡಿ ಹೋಗಿ ಗಾಡಿ ಸುತ್ತ ನಿಲ್ಲುತ್ತದೆ. ಹಿಂದಿನಿಂದ ಬರುವ ಲಾರಿಗಳಿಗೆ ಕೈ ತೋರಿಸಿ ನಿಲ್ಲಿಸಲು ಒಬ್ಬ ಇರುವುದಿಲ್ಲ. ಲಾರಿ ನಿಲ್ಲಿಸಿದವನ ಫೋಟೋ ಯಾರಾದರೂ ತೆಗೆದದ್ದುಂಟಾ?

ನಮ್ಮ ಮನೆಗೆ ಬಂದ ಮೇಲೆ ನೆಂಟರೆಲ್ಲ ಚೈತ್ರಳನ್ನು ಹೊಗಳಿದರು. ಅಕ್ಕ ಹೊಗಳಲಿಲ್ಲ. ಎಲ್ಲರ ಕೈಗೂ ಕಾಫಿ ಕೊಟ್ಟಳು, ಮಗಳದನ್ನು ಮಾತ್ರ ಟೇಬಲ್ ಮೇಲೆ ಇಟ್ಟು ಹೋದಳು. ನಾನು ಅಡುಗೆಮನೆಗೆ ಹೋದೆ.

"ಅವ್ಳು ಮಾಡಿದ್ದು ಸರಿ ಕಣ್ಲಾ," ಅಂದಳು ಅಕ್ಕ, ನಾನೇನೂ ಕೇಳುವ ಮೊದಲೇ. "ನಂಗೂ ಗೊತ್ತು. ಆದ್ರೆ 'ಅಪ್ಪ ಹತ್ತಿದ್ರೂ ಹತ್ದಿದ್ರೂ' ಅಂದ್ಬುಟ್ಳಲ್ಲ. ಆ ಮಾತ ನಾನ್ ಎಲ್ಲಿಗ್ ಆಕ್ಲಿ?"

ರಜೆ ಮುಗಿದು ಹೊರಡುವ ದಿನ ಅಕ್ಕ ಮಗಳ ಬ್ಯಾಗಿಗೆ ಚಕ್ಕುಲಿ, ಉಪ್ಪಿನಕಾಯಿ ತುಂಬಿದಳು. ಬಸ್ ಹತ್ತಿಸುವಾಗ ಅವಳ ತಲೆ ಸವರಿದಳು.

ಇಷ್ಟೊಂದು ಎಪಿಸೋಡ್ ನೋಡಿದ್ದೇನೆ, ಆಕಾಶದಲ್ಲಿರುವ ಅಷ್ಟು ಲೆಫ್ಟಿನೆಂಟರಲ್ಲಿ ಒಬ್ಬರಿಗಾದರೂ ಅಮ್ಮ ಯಾಕಿಲ್ಲ?