ಕೋಟೆ ಗೋಡೆಯ ಪರ ನಿಂತ ಹನುಮಕ್ಕ

"ಇದ್ಕೆ ಕೈ ಹಾಕೋದಾದ್ರೆ ಮೊದ್ಲು ನನ್ನೇ ಕೆಡವಿ ಸೋಮಿ!" ಎಂದು ಕಲ್ಲು ಕಟ್ಟುವ ಹನುಮಕ್ಕ ಓವರ್‌ಸಿಯರ್‌ಗೆ ಅಡ್ಡ ನಿಂತೇಬಿಟ್ಟಳು.

ಹಿಂದಿನ ದಿನ ಭೂಮಿ ನಡುಗಿ ನಮ್ಮ ಮಿಡಿಗೇಶಿಯ ಕೋಟೆ ಗೋಡೆ ಒಂದು ಕಡೆ ಕುಸಿದಿತ್ತು. ಉಳಿದದ್ದೂ ಬೀಳುತ್ತದೆ, ಪೂರ್ತಿ ಕೆಡವಿ ಎಂದು ಓವರ್‌ಸಿಯರ್ ಹುಕುಂ ಮಾಡಿದ್ದ. ಗೋಡೆಗೆ ಒರಗಿಸಿ ಕಟ್ಟಿದ ನನ್ನ ಮನೆಯೂ ಅದರ ಜೊತೆ ಹೋಗುತ್ತಿತ್ತು. ನಿಜ ಹೇಳುತ್ತೇನೆ, ನಾನು ತೆಪ್ಪಗೆ ಪಾತ್ರೆ ಪಗಡ ಹೊರಗಿಡುತ್ತಿದ್ದೆ.

ಪಾಯ ತೋಡುವ ಮುಂಚೆ ಹಾರೆಯಿಂದ ನೆಲ ಕುಟ್ಟಿ ಸದ್ದು ಕೇಳುವುದು ಹನುಮಕ್ಕನ ಮನೆಯವರ ಪದ್ಧತಿ. ಓವರ್‌ಸಿಯರ್ ಎದುರಿಗೇ ನನ್ನ ಮನೆಯ ಬಳಿ ಕುಟ್ಟಿದಳು. ಗೇಣುದ್ದ ಇಳಿದ ಹಾರೆ ಬಂಡೆಗೆ ತಾಗಿ ಠಣ್ಣೆಂದಿತು. ಗೋಡೆ ಬಿದ್ದ ಕಡೆ ಕುಟ್ಟಿದರೆ ಸದ್ದೇ ಇಲ್ಲ. ಮೊಳದುದ್ದ ಇಳಿದ ಹಾರೆಗೆ ಕರಿ ಕೆಸರು ಮೆತ್ತಿಕೊಂಡು ಬಂತು.

"ಇಲ್ಲಿ ಯಾವ್ದೋ ಕಾಲ್ದಾಗೆ ನೀರು ನಿಲ್ಲೋ ಕುಂಟೆ ಮುಚ್ಚವ್ರೆ. ನೆಲ ಅಲ್ಲಾಡಿದ್ರೆ ಈ ಕೆಸ್ರು ಮಡಿಕೆ ಅಂಬ್ಲಿ ತರ ಕುಲುಕ್ತದೆ. ಬಂಡೆ ಮ್ಯಾಲಿರೋ ಗೋಡೆ ಬಿದ್ದದಾ, ನೀವೇ ನೋಡಿ."

"ನೀನೇನು ಇಂಜಿನಿಯರಾ?"

"ಅಲ್ಲ ಸೋಮಿ, ಅದ್ಕೇ ನೆಲ ಕುಟ್ಟಿ ನೋಡ್ದೆ."

ಅವನು ಬಿದ್ದ ಕಲ್ಲುಗಳನ್ನಷ್ಟೇ ತೆಗೆಸಿ ಹೊರಟುಹೋದ. ಈಗ ಯಾವ ಅಧಿಕಾರಿ ಬಂದು ಹುಕುಂ ಮಾಡಿದರೂ ನಾನು ಮೊದಲು ಕಾರಣ ಕೇಳುತ್ತೇನೆ, ಆಮೇಲೆ ಬೇಕಾದರೆ ಕುರ್ಚಿ ಹಾಕುತ್ತೇನೆ.